ಲಕ್ವ ಹೊಡೆದ ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಅನುಭವ

ಅಪ್ಪ ಮನೆಗೆ ಬಂದು ಈಗ ಎಲ್ಲ ಒಂದು ಹದಕ್ಕೆ ಬಂದಿದೆ. ಮನೆಯವರಿಗೆ ರಾತ್ರಿ ನಿದ್ದೆ ಸಿಗುತ್ತಿದೆ. ನಮ್ಮ ಹಾಗೆ ವಾರ್ಡಿನಲ್ಲಿ ಕೂತು "ನಾಳೆ ಮನೆಗೆ ಕಳಿಸ್ತಾರಂತೆ, ಮುಂದೆ ಹೆಂಗಪ್ಪಾ" ಅಂತ ಚಿಂತೆ ಮಾಡುವವರು ಈಗಲೂ ಇದ್ದೇ ಇರುತ್ತಾರೆ. ಅವರಿಗಾಗಿ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ. ಚಿಕಿತ್ಸೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬರುವ ಆ ದಾರಿ ಇದೆಯಲ್ಲ, ಅದರ ಬಗ್ಗೆ ಮಾತ್ರ.

ನಮ್ಮೂರು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿ. ನಾನು ಮದುವೆಯಾಗಿ ರಾಯಚೂರಿನಲ್ಲಿದ್ದೇನೆ. ತಮ್ಮ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ. ಊರಲ್ಲಿ ಅಪ್ಪ, ಅವ್ವ, ತಮ್ಮನ ಹೆಂಡತಿ, ಅವಳ ಸಣ್ಣ ಕೂಸು. ಅಪ್ಪನಿಗೆ ಅರವತ್ತಾರು. ಬಿ.ಪಿ. ಇತ್ತು, ಮಾತ್ರೆ ನೆನಪಾದಾಗ ತಗೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಎಬ್ಬಿಸಲು ಹೋದಾಗ ಬಾಯಿ ಸೊಟ್ಟಗಾಗಿತ್ತು, ಬಲಗೈ ಎತ್ತಲು ಬರುತ್ತಿರಲಿಲ್ಲ. 108ರಲ್ಲಿ ರಾಯಚೂರಿಗೆ ಕರೆತಂದರು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ ಎಂದು ಸ್ಕ್ಯಾನಿನಲ್ಲಿ ಗೊತ್ತಾಯಿತು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಅಪ್ಪನಿಗೆ ರಾತ್ರಿ ನಿದ್ದೆಯಲ್ಲಿ ಯಾವಾಗ ಹೊಡೆದಿದೆಯೋ ಯಾರಿಗೆ ಗೊತ್ತು. ಹಾಗಾಗಿ ಅದು ಆಗಲಿಲ್ಲ.

ಐ.ಸಿ.ಯು. ಮುಗಿಸಿ ವಾರ್ಡಿಗೆ ಬಂದ ಮೇಲೆ ಒಂದು ಶುಕ್ರವಾರ ರೌಂಡ್ಸಿಗೆ ಬಂದ ಡಾಕ್ಟರ್, "ಸ್ಟೇಬಲ್ ಇದ್ದಾರೆ. ಸೋಮವಾರ ಕರೆದುಕೊಂಡು ಹೋಗಿ" ಅಂದರು. ಅಷ್ಟು ಹೇಳಿ ಮುಂದಿನ ಹಾಸಿಗೆಗೆ ಹೋದರು. ಅಪ್ಪನ ಮೂಗಿನಲ್ಲಿ ಊಟದ ಪೈಪ್ ಇತ್ತು. ಮೂತ್ರಕ್ಕೆ ಇನ್ನೊಂದು ಪೈಪ್. ಮಾತು ಇಲ್ಲ, ಮಗ್ಗಲು ಬದಲಿಸಲೂ ಬರುವುದಿಲ್ಲ. ತಮ್ಮನ ಮುಖ ಬಿಳಿಚಿಕೊಂಡಿತು. "ಹಿಂಗಿದ್ದಾಗ ಕಳಿಸ್ತಾರಂದ್ರ ಹೆಂಗ? ಇನ್ನೊಂದು ವಾರ ಇಟ್ಕೊಳ್ಳಿ ಅಂತ ಕೇಳೋಣ" ಅಂದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಕೂತುಬಿಟ್ಟಳು.

ಪಕ್ಕದ ಹಾಸಿಗೆಯವರು ದೇವದುರ್ಗದ ಕಡೆಯವರು. ಅವರ ಮಗಳು ನನ್ನನ್ನು ಹೊರಗೆ ಕರೆದು, "ಅಕ್ಕಾ, ಕೆಳಗ ಸೋಶಿಯಲ್ ವರ್ಕರ್ ಮೇಡಂ ಕೂಡ್ತಾರ. ಇವತ್ತೇ ಹೋಗ್ರಿ. ಭಾನುವಾರ ಇರಂಗಿಲ್ಲ" ಅಂದಳು. ಆ ಹುಡುಗಿಗೆ ನಾನು ಇವತ್ತಿಗೂ ಋಣಿ. ಅಲ್ಲಿಯವರೆಗೆ ಆಸ್ಪತ್ರೆಯ ಯಾರೂ ನಮಗೆ ಇದನ್ನು ಹೇಳಿರಲಿಲ್ಲ. ಎಲ್ಲೂ ಒಂದು ಬೋರ್ಡ್ ಕೂಡ ಕಾಣಲಿಲ್ಲ. ಇಂಥ ಕೋಣೆ ಇದೆ ಅನ್ನುವುದನ್ನು ದಾಖಲಾದ ದಿನವೇ ರೋಗಿಯ ಕಡೆಯವರಿಗೆ ಹೇಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇಲ್ಲಿ ಒಂದು ಮಾತು. ಆರೋಗ್ಯ ಮಿತ್ರ ಬೇರೆ, ಸಮಾಜ ಕಾರ್ಯಕರ್ತರು ಬೇರೆ. ನಾವು ಎಲ್ಲದಕ್ಕೂ ಆರೋಗ್ಯ ಮಿತ್ರರ ಕೌಂಟರಿನಲ್ಲೇ ನಿಲ್ಲುತ್ತಿದ್ದೆವು. ಅವರ ಕೆಲಸ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯದು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಅದರ ಅರ್ಜಿ, ಮಂಜೂರಾತಿ ಅವರು ನೋಡುತ್ತಾರೆ. ಸಮಾಜ ಕಾರ್ಯಕರ್ತರು ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿದವರು. ರೋಗಿ ಮನೆಗೆ ಹೋದ ಮೇಲೆ ಬದುಕು ಹೇಗೆ ನಡೆಯುತ್ತದೆ ಅನ್ನುವುದು ಅವರ ಕೆಲಸ.

ಮೇಡಂ ಕೋಣೆ ಮುಂದೆ ತುಂಬಾ ಹೊತ್ತು ಕಾಯಬೇಕಾಯಿತು. ಅಷ್ಟು ದೊಡ್ಡ ಆಸ್ಪತ್ರೆಗೆ ಆ ಹೊತ್ತಿಗೆ ಅವರೊಬ್ಬರೇ ಇದ್ದರು. ಒಳಗೆ ಹೋದಾಗ ನಾನು ದುಡ್ಡಿನ ವಿಷಯ ತೆಗೆದೆ. ಅವರು ಅದನ್ನು ಪಕ್ಕಕ್ಕಿಟ್ಟು ಬೇರೆಯೇ ಕೇಳಲು ಶುರು ಮಾಡಿದರು.

"ಮನ್ಯಾಗ ಯಾರ್ಯಾರು ಇರ್ತೀರಿ? ರಾತ್ರಿ ಏಳೋರು ಯಾರು? ಪಾಯಖಾನಿ ಒಳಗೈತೋ, ಹೊರಗೋ? ಹೊಸ್ತಿಲು ಎಷ್ಟು ಎತ್ತರ? ಕರೆಂಟ್ ಹೋದ್ರ ಎಷ್ಟೊತ್ತಿಗೆ ಬರ್ತೈತಿ? ಅಜ್ಜಾರನ್ನ ಮಲಗಿಸೋ ಕೋಣ್ಯಾಗ ಕಿಟಕಿ ಐತೇನು?"

ಒಂದೊಂದಕ್ಕೂ ಉತ್ತರ ಬರೆದುಕೊಂಡರು. ನಮ್ಮ ಪಾಯಖಾನೆ ಹಿತ್ತಲಲ್ಲಿದೆ, ಎರಡು ಮೆಟ್ಟಿಲು ಇಳಿಯಬೇಕು. ಮಲಗುವ ಕೋಣೆಯ ಹೊಸ್ತಿಲು ಮೊಣಕಾಲಿನ ಹತ್ತಿರ ಬರುತ್ತದೆ. ಈ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಯಾವತ್ತೂ ಕಣ್ಣಿಗೆ ಬಿದ್ದಿರಲಿಲ್ಲ. ಕೊನೆಗೆ ಅವರೇ ಹೇಳಿದರು: ಒಳಕೋಣೆ ಬೇಡ, ಪಡಸಾಲೆಯಲ್ಲಿ ಮಂಚ ಹಾಕಿ. ಗಾಳಿ ಬರುತ್ತದೆ, ಹೊಸ್ತಿಲು ದಾಟುವುದಿಲ್ಲ, ಅಡುಗೆಮನೆಯಿಂದ ಕಣ್ಣಿಗೆ ಕಾಣುತ್ತಾರೆ.

ಮಧ್ಯಾಹ್ನ ಎಲ್ಲರನ್ನೂ ಕರೆಸಿದರು. ಅವ್ವ, ತಮ್ಮ, ಊರಿಂದ ಬಂದ ಚಿಕ್ಕಪ್ಪ, ನಾನು. ಯಾರು ನೋಡಿಕೊಳ್ಳುತ್ತೀರಿ ಅಂತ ನೇರವಾಗಿ ಕೇಳಿದರು. ಅವ್ವ ತಟ್ಟನೆ "ನಾನೇ ನೋಡ್ಕೊಂತೀನ್ರಿ, ಮತ್ತ್ಯಾರು?" ಅಂದಳು. ಮೇಡಂ ಅವಳ ಕೈ ಹಿಡಿದುಕೊಂಡರು. "ಅವ್ವಾರ, ನಿಮಗೂ ಶುಗರ್ ಐತಿ. ದಿನಾ ರಾತ್ರಿ ನಿದ್ದಿಗೆಟ್ರ ನಾಳೆ ನಿಮ್ಮನ್ನ ಯಾರು ನೋಡ್ಬೇಕು?" ಯಾರೂ ಮಾತಾಡಲಿಲ್ಲ. ಆಮೇಲೆ ತಮ್ಮ, ಒಂದು ತಿಂಗಳು ರಜೆ ಹಾಕಿ ರಾತ್ರಿ ನಾನು ನೋಡ್ಕೊಳ್ತೀನಿ ಅಂದ. ಅವನು ಹೋದ ಮೇಲೆ ಚಿಕ್ಕಪ್ಪನ ಮಗ. ಶನಿವಾರ–ಭಾನುವಾರ ನಾನು. ಹಗಲು ಅವ್ವ ಮತ್ತು ತಮ್ಮನ ಹೆಂಡತಿ. ಇಷ್ಟು ಮಾತು ನಮ್ಮ ಮನೆಯಲ್ಲಿ ನಾವೇ ಕೂತು ಆಡಿದ್ದರೆ ಜಗಳ ಆಗುತ್ತಿತ್ತು. ಹೊರಗಿನವರು, ಅದೂ ಕೆಲಸ ಗೊತ್ತಿರುವವರು ಕೇಳಿದ್ದರಿಂದ ಯಾರಿಗೂ ನೋವಾಗದೆ ತೀರ್ಮಾನವಾಯಿತು.

"ಇನ್ನೊಂದು ವಾರ ಇಟ್ಕೊಳ್ಳಿ" ಅನ್ನುವ ತಮ್ಮನ ಮಾತಿಗೂ ಅವರು ಉತ್ತರ ಕೊಟ್ಟರು. ವಾರ್ಡಿನಲ್ಲಿ ಜಾಸ್ತಿ ದಿನ ಇದ್ದಷ್ಟೂ ಸೋಂಕು ತಗಲುವ ಭಯ. ಈ ಹಂತದಲ್ಲಿ ಅಪ್ಪನಿಗೆ ಬೇಕಾದದ್ದು ವ್ಯಾಯಾಮ, ಊಟ, ಗುರುತಿನ ಮುಖಗಳು. ಆದರೆ ಮನೆಯವರು ಕೆಲಸ ಕಲಿಯುವ ಮೊದಲು ಕಳಿಸುವುದು ಸರಿಯಲ್ಲ ಅಂತ ಅವರೇ ವಾರ್ಡಿಗೆ ಫೋನ್ ಮಾಡಿದರು. "ಸೋಮವಾರದೊಳಗ ಇವರಿಗೆ ಎಲ್ಲಾ ಕಲಿಸಿಕೊಡ್ರಿ ಸಿಸ್ಟರ್" ಅಂದರು. ಅಲ್ಲಿಂದ ಸಿಸ್ಟರ್‌ಗಳ ಪಾಲಿನ ಕೆಲಸ ಶುರುವಾಯಿತು.

ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಸ್ವಲ್ಪ ಗಟ್ಟಿ ದನಿಯವರು. ಮೊದಲು ಅವರನ್ನು ಕಂಡರೆ ಹೆದರಿಕೆ ಆಗುತ್ತಿತ್ತು. ಶನಿವಾರ ಬೆಳಿಗ್ಗೆ ಬಂದು, "ನಾನು ಒಂದ್ಸಲ ಮಾಡಿ ತೋರಿಸ್ತೀನಿ. ಆಮೇಲೆ ನೀವು ಮಾಡ್ಬೇಕು, ನಾನು ನೋಡ್ತೀನಿ" ಅಂದರು. ಹಾಗೇ ಮಾಡಿದರು. ತಮ್ಮ, ಅವನ ಹೆಂಡತಿ, ನಾನು, ಮೂವರೂ ಸರದಿಯಲ್ಲಿ.

ಪೈಪಿನಲ್ಲಿ ಊಟ ಕೊಡುವುದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರಿಗೂ ಭಯ ಇರುವುದು ಇದರದ್ದೇ. ಮೊದಲು ಕೈ ತೊಳೆಯಬೇಕು. ತಲೆಯ ಕಡೆ ಎತ್ತರ ಮಾಡಿ ಅರ್ಧ ಕೂತ ಹಾಗೆ ಮಾಡಬೇಕು. ಮೂಗಿನ ಹತ್ತಿರ ಪೈಪಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿರುತ್ತಾರೆ. ಅದು ಜಾಗ ಬಿಟ್ಟು ಹೊರಗೆ ಬಂದಿದ್ದರೆ ಊಟ ಕೊಡಲೇಬಾರದು. ದೊಡ್ಡ ಸಿರಿಂಜನ್ನು ಪೈಪಿಗೆ ಸಿಕ್ಕಿಸಿ ಹಿಂದಕ್ಕೆ ಎಳೆದು, ಹಿಂದಿನ ಊಟ ಹೊಟ್ಟೆಯಲ್ಲಿ ಹಾಗೇ ನಿಂತಿದೆಯೇ ಎಂದು ನೋಡಬೇಕು. ಆಮೇಲೆ ಸಿರಿಂಜಿನ ಹಿಂಭಾಗ ತೆಗೆದು, ಮೇಲೆ ಹಿಡಿದು, ತಾನಾಗೇ ಇಳಿಯುವಂತೆ ಸುರಿಯಬೇಕು. ಒತ್ತಬಾರದು. ಕೊನೆಗೆ ನೀರು ಹಾಕಿ ಪೈಪ್ ತೊಳೆದು ಮುಚ್ಚಬೇಕು. ಊಟ ಆದ ಮೇಲೆ ಕಡಿಮೆ ಅಂದರೂ ಅರ್ಧ ಗಂಟೆ ಮಲಗಿಸಬಾರದು. ನನ್ನ ಕೈ ಮೊದಲ ಸಲ ನಡುಗುತ್ತಿತ್ತು. ಸಿಸ್ಟರ್ ನನ್ನ ಮೊಣಕೈ ಕೆಳಗೆ ತಮ್ಮ ಕೈ ಕೊಟ್ಟು ನಿಂತರು. ಅಷ್ಟರಲ್ಲಿ ಜೋಳದ ಅಂಬಲಿ ಸದ್ದಿಲ್ಲದೆ ಇಳಿದುಹೋಯಿತು.

ಹೌದು, ಅಂಬಲಿ. ಪೌಡರ್ ಡಬ್ಬಿಯೇ ಬೇಕು ಅಂತ ಮೆಡಿಕಲ್ ಶಾಪಿನವರು ಹೇಳಿದ್ದರು. ಬೆಲೆ ಕೇಳಿ ತಲೆ ತಿರುಗಿತ್ತು. ಸಿಸ್ಟರ್ ಡಯಟೀಶಿಯನ್ ಹತ್ತಿರ ಕೇಳಿ ಮನೆಯ ಊಟದ ಪಟ್ಟಿಯನ್ನೇ ಬರೆಸಿಕೊಟ್ಟರು. ಚೆನ್ನಾಗಿ ಸೋಸಿದ ಜೋಳದ ಅಂಬಲಿ, ಬೇಳೆ ಕಟ್ಟು, ಹಾಲು, ಮಜ್ಜಿಗೆ, ಹಣ್ಣಿನ ರಸ. ಯಾವ ಹೊತ್ತಿಗೆ ಎಷ್ಟು ಅಂತ ಅಳತೆ ಸಮೇತ. ನಿಮ್ಮ ರೋಗಿಗೆ ಶುಗರ್, ಕಿಡ್ನಿ ತೊಂದರೆ ಇದ್ದರೆ ಪಟ್ಟಿ ಬೇರೆ ಆಗುತ್ತದೆ. ಅದಕ್ಕೆ ಅವರವರೇ ಬರೆಸಿಕೊಳ್ಳಿ.

ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿ ಹುಣ್ಣಾಗುತ್ತವೆ. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಹೇಗೆ ಎತ್ತಬೇಕು ಅನ್ನುವುದನ್ನು ಸಿಸ್ಟರ್ ಮಾತ್ರ ತೋರಿಸಿದರು. ಚಿಕ್ಕಪ್ಪ ಅಪ್ಪನ ಬಲಗೈ ಹಿಡಿದು ಎಳೆಯಲು ಹೋದಾಗ ಓಡಿಬಂದು ತಡೆದರು. ಬಿದ್ದ ಕೈಯನ್ನು ಹಿಡಿದೆಳೆದರೆ ಭುಜದ ಕೀಲು ತಪ್ಪುತ್ತದೆ. ಮೈಕೆಳಗೆ ಹಾಸಿದ ಬಟ್ಟೆಯ ಎರಡು ಕಡೆ ಹಿಡಿದು ಇಬ್ಬರು ಸೇರಿ ಸರಿಸಬೇಕು. ಬಲಗೈ ಕೆಳಗೆ ಯಾವಾಗಲೂ ದಿಂಬು. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೆ ಇರಬೇಕು, ಆದರೆ ನೆಲಕ್ಕೆ ತಾಗಬಾರದು. ಆ ಪೈಪನ್ನು ಯಾವತ್ತು ಬದಲಿಸಬೇಕು ಎಂದು ತಾರೀಖು ಬರೆಸಿಕೊಳ್ಳಿ. ಫಿಸಿಯೋಥೆರಪಿಯವರು ಕೈಕಾಲಿಗೆ ವ್ಯಾಯಾಮ ಮಾಡಿಸುವಾಗ ಅವರನ್ನು ಕೇಳಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆವು. ಊರಿಗೆ ಹೋದ ಮೇಲೆ ಅದನ್ನು ನೋಡಿಯೇ ಮಾಡಿಸುತ್ತಿದ್ದುದು.

ಭಾನುವಾರ ರಾತ್ರಿ ಡ್ಯೂಟಿಯಲ್ಲಿದ್ದ ಸಣ್ಣ ವಯಸ್ಸಿನ ಸಿಸ್ಟರ್ ಡಿಸ್ಚಾರ್ಜ್ ಔಷಧಿ ಪಟ್ಟಿ ಓದುತ್ತಾ ಒಂದು ಕಡೆ ಬೆರಳಿಟ್ಟರು. ಗ್ಯಾಸಿನ ಮಾತ್ರೆ, ಪ್ಯಾಂಟೊಪ್ರಜೋಲ್. ಅದರ ಮೇಲೆ ಒಂದು ಲೇಪ ಇರುತ್ತದೆ, ಪುಡಿ ಮಾಡಿದರೆ ಗುಣ ಹೋಗುತ್ತದೆ. ಅಪ್ಪ ನುಂಗಲಾರರು, ಪುಡಿ ಮಾಡಿಯೇ ಪೈಪಿನಲ್ಲಿ ಹಾಕಬೇಕು. ಅವರು ಬೆಳಿಗ್ಗೆ ಡಾಕ್ಟರ್ ಬರುವ ತನಕ ಡ್ಯೂಟಿ ಮುಗಿದರೂ ಕಾದು ನಿಂತು, ಅದನ್ನು ಬದಲಿಸಿಕೊಟ್ಟರು. ಮನೆಗೆ ಹೋದ ಮೇಲೆ ನಮಗೆ ಇದು ತಿಳಿಯುತ್ತಲೇ ಇರಲಿಲ್ಲ. ಪೈಪ್ ಇರುವ ರೋಗಿ ಆದರೆ "ಇದರಲ್ಲಿ ಪುಡಿ ಮಾಡಬಾರದ್ದು ಯಾವುದು" ಅಂತ ಕೇಳಿ, ಪಟ್ಟಿಯ ಮೇಲೇ ಗುರುತು ಹಾಕಿಸಿಕೊಳ್ಳಿ.

ಸೋಮವಾರ ಬೆಳಿಗ್ಗೆ ಡಿಸ್ಚಾರ್ಜ್ ಅಂದರು. ಹೊರಟಿದ್ದು ಸಂಜೆ. ಸಮ್ಮರಿ ಟೈಪ್ ಆಗಬೇಕು, ದೊಡ್ಡ ಡಾಕ್ಟರ್ ಸಹಿ ಆಗಬೇಕು, ಯೋಜನೆಯ ಕಡತ ಮುಗಿಯಬೇಕು. ಆರೋಗ್ಯ ಮಿತ್ರರ ಹತ್ತಿರ ರೇಷನ್ ಕಾರ್ಡ್, ಆಧಾರ್ ಎರಡರಲ್ಲೂ ಅಪ್ಪನ ಹೆಸರು ಬೇರೆ ಬೇರೆ ಥರ ಇದ್ದದ್ದಕ್ಕೆ ಮತ್ತೆ ತಡವಾಯಿತು. ಮೂಲ ಕಾರ್ಡುಗಳು ಕೈಯಲ್ಲೇ ಇರಲಿ, ನಾಲ್ಕು ಜೆರಾಕ್ಸ್ ಹೆಚ್ಚಿಗೆ ಇರಲಿ. ಮನೆಗೆ ಹೋದ ಮೇಲಿನ 15 ದಿನದ ಔಷಧಿ ಖರ್ಚು ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಸೇರಿರುತ್ತದೆ. ಕೇಳಿ ತಗೊಳ್ಳಿ. ನಾವು ಕೇಳಿದ ಮೇಲೆಯೇ ಕೊಟ್ಟದ್ದು.

ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದ ತಕ್ಷಣ ಮಡಚಿ ಚೀಲಕ್ಕೆ ಹಾಕಬೇಡಿ. ಅಲ್ಲೇ ನಿಂತು ಓದಿ. ನಮ್ಮದರಲ್ಲಿ ಬಲಗಡೆ ಬದಲು ಎಡಗಡೆ ಅಂತ ಟೈಪ್ ಆಗಿತ್ತು. ಅದೇ ಕಾಗದ ಮುಂದೆ ಅಂಗವಿಕಲರ ಕಾರ್ಡಿಗೆ ಬೇಕಾಗುತ್ತದೆ, ಆಗ ತಿದ್ದಿಸಲು ಮತ್ತೆ ಅಲೆಯಬೇಕು. ಹೆಸರು, ವಯಸ್ಸು, ಯಾವ ಕಡೆ, ಮಾತ್ರೆಗಳು, ಮತ್ತೆ ಬರಬೇಕಾದ ದಿನ, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು, ಇಷ್ಟೂ ಅದರಲ್ಲಿರಬೇಕು. ಸ್ಕ್ಯಾನ್ ಫಿಲ್ಮ್ ಕೇಳಿ ಪಡೆಯಿರಿ. ಕೇಸ್ ಶೀಟಿನ, ಅಂದರೆ ಆಸ್ಪತ್ರೆಯಲ್ಲಿ ಬರೆದಿಟ್ಟ ಚಿಕಿತ್ಸೆಯ ದಾಖಲೆಯ ಪ್ರತಿ ಬೇಕು ಅಂತ ಬರೆದುಕೊಟ್ಟರೆ 72 ಗಂಟೆಯೊಳಗೆ ಕೊಡಬೇಕು ಅನ್ನುವ ನಿಯಮ 2002ರಿಂದಲೇ ಇದೆ.

ಇನ್ನು ಗಾಡಿ. 108 ತುರ್ತಿಗೆ ಮಾತ್ರ, ಮನೆಗೆ ಬಿಡಲು ಬರುವುದಿಲ್ಲ. ವಾರ್ಡಿನಲ್ಲಿ ಯಾರೋ ನಗು-ಮಗು ಗಾಡಿ ಕೇಳಿ ಅಂದರು. ಅದು ಬಾಣಂತಿ, ಕೂಸುಗಳಿಗೆ ಇರುವುದು. ಕೊನೆಗೆ ಖಾಸಗಿ ಆಂಬುಲೆನ್ಸ್‌ಗೆ 2,500 ಕೊಟ್ಟೆವು. ಗೇಟಿನಲ್ಲಿ ಹೇಳುವ ಮೊದಲ ರೇಟಿಗೆ ಒಪ್ಪಬೇಡಿ, ಇಬ್ಬರು ಮೂವರನ್ನು ಕೇಳಿ. ಹಾಸಿಗೆ ಹುಣ್ಣು ಆಗದಂತೆ ಗಾಳಿ ತುಂಬುವ ಏರ್ ಬೆಡ್‌ಗೆ 2,800 ಆಯಿತು. ಸಿರಿಂಜ್, ಡೈಪರ್, ಯೂರಿನ್ ಬ್ಯಾಗ್ ಸೇರಿ ಇನ್ನಷ್ಟು. ತಲೆ ಕಡೆ ಎತ್ತುವ ಮಂಚವನ್ನು ಕೊಳ್ಳದೆ ಬಾಡಿಗೆಗೆ ತಂದೆವು. ಬಾಡಿಗೆಗೆ ಸಿಗುತ್ತದೆ ಅಂತ ಹೇಳಿದವರೂ ಸಮಾಜ ಕಾರ್ಯಕರ್ತೆಯೇ.

ಹೊರಡುವ ಮುಂಚೆ ಮೇಡಂ ವಾರ್ಡಿಗೇ ಬಂದರು. ಕೈಯಲ್ಲಿ ಒಂದು ಪತ್ರ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಬರೆದದ್ದು. ಅಲ್ಲಿಗೆ ಫೋನ್ ಕೂಡ ಮಾಡಿದ್ದರು. ಬಿ.ಪಿ. ಮಾತ್ರೆ ಅಲ್ಲಿ ಉಚಿತವಾಗಿ ಸಿಗುತ್ತದೆ, ರಾಯಚೂರಿಗೆ ಬರಬೇಕಾಗಿಲ್ಲ. ಉಪಕೇಂದ್ರದ ಸಿ.ಎಚ್.ಒ. (ಸಮುದಾಯ ಆರೋಗ್ಯ ಅಧಿಕಾರಿ) ಮತ್ತು ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡುತ್ತಾರೆ ಅಂದರು. "ಅಜ್ಜಾರು ಸುಮ್ನೆ ಅಳಬಹುದು, ಸಿಟ್ಟು ಮಾಡ್ಕೊಬಹುದು. ಅದೂ ಕಾಯಿಲೆದ ಒಂದು ಭಾಗ. ಬೈಬ್ಯಾಡ್ರಿ" ಅಂತ ತಮ್ಮನಿಗೆ ಒತ್ತಿ ಹೇಳಿದರು. ತೀರಾ ಮನಸ್ಸು ಕುಗ್ಗಿದರೆ, ರೋಗಿಗಾಗಲಿ ನೋಡಿಕೊಳ್ಳುವವರಿಗಾಗಲಿ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು ಅಂದರು.

ಮನೆಯಲ್ಲಿ ಮೊದಲ ರಾತ್ರಿಯೇ ಕರೆಂಟ್ ಹೋಯಿತು. ಏರ್ ಬೆಡ್‌ನ ಮೋಟಾರು ನಿಂತಿತು. ಸಿಸ್ಟರ್ ಇದನ್ನೂ ಹೇಳಿದ್ದರು: ಬೆಡ್ ಇದೆ ಅಂತ ಮಗ್ಗಲು ಬದಲಿಸುವುದನ್ನು ಬಿಡಬೇಡಿ. ಅವರು ಎಡ, ಅಂಗಾತ, ಬಲ ಅಂತ ಗಂಟೆ ಹಾಕಿ ಕೊಟ್ಟ ಹಾಳೆಯನ್ನು ಗೋಡೆಗೆ ಅಂಟಿಸಿದ್ದೆವು. ತಮ್ಮ ಮೊಬೈಲ್ ಬೆಳಕಿನಲ್ಲಿ ಅದನ್ನು ನೋಡಿ ನೋಡಿ ಅಪ್ಪನ ಮಗ್ಗಲು ಬದಲಿಸಿದ.

ಸ್ವಲ್ಪ ದಿನದ ಮೇಲೆ ಅಪ್ಪ ಎಡಗೈಯಿಂದ ಮೂಗಿನ ಪೈಪ್ ಕಿತ್ತುಕೊಂಡರು. ಅವ್ವ ಗಾಬರಿಯಾಗಿ ಅಳಲು ಶುರು ಮಾಡಿದಳು. ಹೀಗಾದರೆ ಪೈಪನ್ನು ನೀವೇ ಒಳಗೆ ತಳ್ಳಬೇಡಿ, ಬಾಯಿಗೂ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ ಅಂತ ಸಿಸ್ಟರ್ ಹೇಳಿದ್ದು ತಮ್ಮನ ಹೆಂಡತಿಗೆ ನೆನಪಿತ್ತು. ಅವಳೇ ವಾರ್ಡಿಗೆ ಫೋನ್ ಮಾಡಿದಳು. ರಾಯಚೂರಿಗೆ ಬರಬೇಡಿ, ಮಾನ್ವಿಯ ತಾಲ್ಲೂಕು ಆಸ್ಪತ್ರೆಯಲ್ಲೇ ಹಾಕುತ್ತಾರೆ ಅಂದರು. ಹಾಗೇ ಆಯಿತು. ವಾರ್ಡಿನ ಫೋನ್ ನಂಬರ್ ಇಲ್ಲದೆ ಮನೆಗೆ ಹೋಗಬೇಡಿ ಅಂತ ನಾನು ಹೇಳುವುದು ಇದಕ್ಕೇ.

ನಿರೀಕ್ಷೆ ಮಾಡದ ತೊಡಕು ಬಂದದ್ದು ಬ್ಯಾಂಕಿನಲ್ಲಿ. ಅಪ್ಪ ಸಹಿ ಮಾಡುತ್ತಿದ್ದುದು ಬಲಗೈಯಲ್ಲಿ. ಈಗ ಸಹಿ ಬರುವುದಿಲ್ಲ, ಅವರ ಖಾತೆಯ ದುಡ್ಡು ತೆಗೆಯಲು ಆಗುತ್ತಿಲ್ಲ. ಕೌಂಟರಿನಲ್ಲಿ ಆಗುವುದಿಲ್ಲ ಅಂದುಬಿಟ್ಟರು. ಮೇಡಂಗೆ ಫೋನ್ ಮಾಡಿದೆ. ಕಾಯಿಲೆಯಿಂದ ಸಹಿ ಮಾಡಲಾಗದವರು ಹೆಬ್ಬೆಟ್ಟು ಒತ್ತಬಹುದು, ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು, ಇದು ರಿಸರ್ವ್ ಬ್ಯಾಂಕಿನ ಸೂಚನೆ ಅಂತ ತಿಳಿಸಿದರು. ಡಿಸ್ಚಾರ್ಜ್ ಸಮ್ಮರಿ ತಗೊಂಡು ಮ್ಯಾನೇಜರ್ ಹತ್ತಿರವೇ ಹೋದೆವು. ಬ್ಯಾಂಕಿನವರು ಒಬ್ಬರು ಮನೆಗೆ ಬಂದು ಹೆಬ್ಬೆಟ್ಟು ತಗೊಂಡು ಹೋದರು.

ಮತ್ತೆ ತೋರಿಸಲು ಹೋದಾಗ ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಟ್ಟು ನುಂಗುವುದನ್ನು ಪರೀಕ್ಷೆ ಮಾಡಿದರು. ಕೆಮ್ಮಲಿಲ್ಲ. ಪೈಪ್ ತೆಗೆದರು. ಈಗ ಗಟ್ಟಿ ಗಂಜಿ, ಮೆತ್ತಗೆ ಕಿವುಚಿದ ಅನ್ನ ತಿನ್ನುತ್ತಾರೆ. ಹಿಡಿದುಕೊಂಡರೆ ಮಂಚದ ಅಂಚಿನಲ್ಲಿ ಕೂರುತ್ತಾರೆ. ಮಾತು ಇನ್ನೂ ತೊದಲು, ಆದರೆ ಅವ್ವನ ಹೆಸರು ಸ್ಪಷ್ಟವಾಗಿ ಬರುತ್ತದೆ.

ಬಾಕಿ ಇರುವುದು ಯು.ಡಿ.ಐ.ಡಿ. ಕಾರ್ಡ್, ಅಂದರೆ ಆಗಲೇ ಹೇಳಿದ ಅಂಗವಿಕಲರ ಗುರುತಿನ ಕಾರ್ಡ್. ಲಕ್ವದಂಥ ನರದ ತೊಂದರೆಯಲ್ಲಿ ಆರು ತಿಂಗಳು ಕಳೆದ ಮೇಲೆ ಅಂಗವೈಕಲ್ಯ ಎಷ್ಟು ಅಂತ ಅಳೆಯುತ್ತಾರೆ, ಅದಕ್ಕೇ ಕಾಯುತ್ತಿದ್ದೇವೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಸೌಲಭ್ಯಗಳಿಗೆ ಅರ್ಹತೆ. ಪ್ರತಿ ಗ್ರಾಮ ಪಂಚಾಯಿತಿಗೂ ವಿ.ಆರ್.ಡಬ್ಲ್ಯೂ. ಅಂತ ಒಬ್ಬ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕಿಗೆ ಇದೇ ಕೆಲಸಕ್ಕೆ ಎಂ.ಆರ್.ಡಬ್ಲ್ಯೂ. ಇರುತ್ತಾರೆ. ಅರ್ಜಿ ಹಾಕಲು, ಗಾಲಿ ಕುರ್ಚಿಗೆ ಕೇಳಲು ಅವರನ್ನೇ ಹಿಡಿಯಿರಿ. ನಮ್ಮ ವಿ.ಆರ್.ಡಬ್ಲ್ಯೂ. ಈಗಲೇ ರೆಡಿ ಮಾಡಿಡಿ ಅಂದದ್ದು ಇಷ್ಟು: ಆಧಾರ್, ಪಾಸ್‌ಪೋರ್ಟ್ ಅಳತೆಯ ಫೋಟೊ, ತಿದ್ದಿಸಿದ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್, ಮತ್ತು ಅಪ್ಪನ ಆಧಾರ್‌ಗೆ ಜೋಡಿಸಿದ, ಚಾಲ್ತಿಯಲ್ಲಿರುವ ಒಂದು ಮೊಬೈಲ್ ನಂಬರ್.